ಆಟಗಾರನ ಟೊಪ್ಪಿಗೆಗೆ ಹಚ್ಚಿದ ಕುಂಕುಮ

ಗಜೇಂದ್ರಗಡ
೧೪ ಸೆಪ್ಟೆಂಬರ್ ೨೦೨೫, ರವಿವಾರ

ಪ್ರೀತಿಯ ನಿರ್ಮಲಕ್ಕನಿಗೆ,

ತಮ್ಮ ಸಿದ್ದಲಿಂಗನ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನರಗುಂದದಲ್ಲಿ ನೀನೂ ಕ್ಷೇಮವೆಂದೇ ತಿಳಿದಿದ್ದೇನೆ. ನಿನ್ನೆ ಫೋನಿನಲ್ಲಿ ನನ್ನನ್ನು ಬೈದ ನಿನ್ನ ಧ್ವನಿಯಲ್ಲಿ ಅನಾರೋಗ್ಯದ ಲಕ್ಷಣ ಒಂದೂ ಇರಲಿಲ್ಲ.

ಈ ಮೂಲಕ ಸಮಸ್ತರಿಗೂ, ಅಂದರೆ ನಿನಗೊಬ್ಬಳಿಗೇ, ತಿಳಿಯಪಡಿಸುವುದೇನೆಂದರೆ: ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದದ ಒಂದು ರಟ್ಟಿನ ತುಂಡಿನ ಭವಿಷ್ಯದ ಕುರಿತು ದೇಶವಿದೇಶಗಳ ತಜ್ಞರ ಅಭಿಪ್ರಾಯ ಪಡೆದು, ದೀರ್ಘ ಸಮಾಲೋಚನೆಯ ತರುವಾಯ ಅಂತಿಮ ತೀರ್ಮಾನ ಕೈಗೊಳ್ಳಲಾಗಿದೆ. ನಮ್ಮ ಗುಡ್ಡದ ಮೇಲೆ ಕೋಟೆ ಕಟ್ಟುವಾಗಲೂ ಇಷ್ಟು ಚರ್ಚೆ ನಡೆದಿರಲಿಕ್ಕಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವ್ವನಿಗೆ ಕಣ್ಣು ಮಂದವಾಗಿದ್ದರೂ ಕಿವಿ ಇನ್ನೂ ಪೊಲೀಸ್ ಖಾತೆಯಲ್ಲಿದೆ. ವಾಟ್ಸಾಪಿನಲ್ಲಿ ಬರೆದರೆ ನಿನಗಿಂತ ಮೊದಲು ನಿನ್ನ ಮಕ್ಕಳು ಓದುತ್ತಾರೆ. ಆದ್ದರಿಂದ ಕಾಗದ. ಓದಿದ ಮೇಲೆ ಒಲೆಗೆ ಹಾಕು. ನಿಮ್ಮಲ್ಲಿ ಗ್ಯಾಸ್ ಒಲೆ ಇರುವುದರಿಂದ ಹುಷಾರಾಗಿ ಹಾಕು.

ನೀನು ಈ ಕಥೆಯನ್ನು ಅರ್ಧಂಬರ್ಧ ಕೇಳಿದವಳು. ಮೊದಲಿನಿಂದ ಹೇಳುತ್ತೇನೆ.

ಹೋದ ವರ್ಷ ರೋಣದ ಸಂತೆಯಲ್ಲಿ ಕಾಶೀಂಸಾಬನ ಹಳೆ ಬಟ್ಟೆಯ ಗುಡ್ಡೆಯಿಂದ ನಾನೊಂದು ಹಳೆಯ ಕೋಟು ಕೊಂಡೆ. ಅಮೇರಿಕದ ಜನ ಹಾಕಿ ಬಿಟ್ಟ ಬಟ್ಟೆಗಳು ಗಂಟು ಕಟ್ಟಿಕೊಂಡು ಅವನಲ್ಲಿಗೆ ಬರುತ್ತವೆ. ಅವನ ವ್ಯಾಪಾರಕ್ಕೆ ಒಂದು ಧರ್ಮವಿದೆ: "ಕಿಸೇದಾಗ ಏನರ ಸಿಕ್ರ ನಿಮ್ಮ ನಸೀಬ್ರಿ ಸಾವಕಾರ್ರ. ತೂತು ಸಿಕ್ರೂ ನಿಮ್ಮ ನಸೀಬ್ರಿ." ನನಗೆ ಎರಡೂ ಸಿಕ್ಕವು. ಹೊರಗಿನ ಕಿಸೆಯಲ್ಲಿ ತೂತು. ಒಳಗಿನ ಕಿಸೆಯಲ್ಲಿ, ಪ್ಲಾಸ್ಟಿಕ್ ಹಾಳೆಯೊಳಗೆ, ಒಂದು ಬಣ್ಣದ ಕಾರ್ಡು. ಅದರ ಮೇಲೆ ಟೊಪ್ಪಿಗೆ ಹಾಕಿಕೊಂಡು ಬಡಿಗೆ ಹೆಗಲಿಗೆತ್ತಿದ ಒಬ್ಬ ಗಂಡಸು. ಬೇಸ್‌ಬಾಲ್ ಎಂಬ ಅವರ ಆಟದವನು. ಹಳೆಯ ಕಾಲದ ಇಂಥ ಕಾರ್ಡುಗಳನ್ನು ಕೂಡಿಡುವ ಹುಚ್ಚರು ಜಗತ್ತಿನ ತುಂಬ ಇದ್ದಾರೆ. ಬೆಂಕಿಪೆಟ್ಟಿಗೆಯ ಚಿತ್ರ ಕೂಡಿಡುತ್ತಲೇ ಮದುವೆಯನ್ನು ತಡಮಾಡಿಕೊಂಡ ನನಗೆ ಆ ಹುಚ್ಚು ಹತ್ತಲು ಒಂದು ಸಂಜೆ ಸಾಕಾಯಿತು.

ಅವ್ವ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಅಂದಳು: "ಇಂವ ನಮ್ಮ ಜಕ್ಕಲಿ ಶಿವನಪ್ಪನಂಗ ಅದಾನಲ್ಲೋ! ಅಂವಾನೂ ಹಿಂಗ ಬಡಗಿ ಹಿಡಕೊಂಡ ನಿಂದರ್ತಿದ್ದ, ಎಮ್ಮಿ ಹೊಲಕ್ಕ ಬಿದ್ದಾಗ."

ಇಂಥ ಕಾರ್ಡಿಗೆ ಗ್ರೇಡು ಕೊಡುವ ಕಂಪನಿಗಳಿವೆ ಎಂದು ನಾನು ಅಪ್ಪನಿಗೆ ವಿವರಿಸಿದೆ. ಭೂತಗನ್ನಡಿ ಹಿಡಿದು ಮೂಲೆ, ಅಂಚು, ಮೇಲ್ಮೈ ಎಲ್ಲ ನೋಡುತ್ತಾರೆ. ಒಂದರಿಂದ ಹತ್ತರೊಳಗೆ ಒಂದು ನಂಬರು ಕೊಡುತ್ತಾರೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಬೆಸೆದುಬಿಡುತ್ತಾರೆ. ಒಡೆಯದೆ ಮತ್ತೆ ತೆಗೆಯಲಾಗದು. ನಂಬರು ಚಲೋ ಬಂದರೆ ಆ ರಟ್ಟು ಸಾಕ್ಷಾತ್ ಲಕ್ಷ್ಮಿ.

ಅಪ್ಪ ನಕ್ಕುಬಿಟ್ಟರು. "ಸೀರಿ ಅಂಗಡ್ಯಾಗ ಕುಂತು ಕೂದಲಾ ಬೆಳ್ಳಗ ಮಾಡ್ಕೊಂಡೀನಿ, ಯಾವ ಸೀರಿಗೂ ಹತ್ತಕ್ಕ ಹತ್ತು ಕೊಟ್ಟಿಲ್ಲ. ಈ ಟೊಪಗಿ ಸಾಹೇಬಗ ಯಾಂವ ಕೊಡ್ತಾನೋ?"

ಆದರೆ 'ಲಕ್ಷ್ಮಿ' ಎಂಬ ಮಾತು ಅವರ ತಲೆಯಲ್ಲಿ ಉಳಿದಿತ್ತು. ದೀಪಾವಳಿಯ ದಿನ ಅಂಗಡಿಯಲ್ಲಿ ಪೂಜೆಗೆ ನಾನು ತಡವಾಗಿ ಹೋದೆ. ತಿಜೋರಿ, ಗಜಕಡ್ಡಿ, ಖಾತೆ ಪುಸ್ತಕಗಳು, ಎಲ್ಲಕ್ಕೂ ವಿಭೂತಿ ಕುಂಕುಮ ಏರಿತ್ತು. ಅವುಗಳ ನಡುವೆ, ಸೇವಂತಿಗೆ ಹೂವಿನ ಮೇಲೆ ಒರಗಿಕೊಂಡು, ಪ್ಲಾಸ್ಟಿಕ್ಕಿನಿಂದ ಬಿಡುಗಡೆ ಹೊಂದಿದ ಅಮೇರಿಕದ ಆಟಗಾರ ಕುಳಿತಿದ್ದ. ಟೊಪ್ಪಿಗೆಯ ಮೇಲೆ ಅಪ್ಪನ ಹೆಬ್ಬೆರಳಗಲದ ಕುಂಕುಮ.

ನಾನು ಕೂಗಿದ ಕೂಗಿಗೆ ಎದುರು ಅಂಗಡಿಯವರು ಎದ್ದು ನಿಂತರಂತೆ.

"ಯಾಕ ಒದರ್ತೀ? ಪ್ಲಾಸ್ಟಿಕ್‌ಗೆ ಹಚ್ಚಿದ್ರ ಲಕ್ಷ್ಮಿಗೆ ಮುಟ್ಟೂದಿಲ್ಲ, ಅದಕ್ಕ ತಗದೆ. ಹಣಿ ಕಾಣವಲ್ದು, ಅದಕ್ಕ ಟೊಪಗಿಗೆ ಹಚ್ಚಿದೆ. ಬ್ಯಾಡಂದ್ರ ವರಸ್ತೀನಿ ತೊಗೊ" ಎಂದು ಹೆಗಲ ಮೇಲಿನ ಟವೆಲ್ಲು ತೆಗೆದರು. ಒರೆಸಿದರೆ ಇನ್ನೂ ಕೆಡುತ್ತದೆಂದು ನಾನು ಅವರ ಕೈ ಹಿಡಿದುಕೊಂಡೆ. ಅಪ್ಪನ ಕೈ ಹಿಡಿದು ತಡೆಯುವ ಧೈರ್ಯ ನನಗೆ ಬಂದದ್ದು ಅದೊಂದೇ ಸಲ.

ಸಂಕ್ರಮಣ ಕಳೆದು ಅಪ್ಪ ಹೋದರು. ಗಿರಾಕಿಗೆ ಸೀರೆಯ ಸೆರಗು ಬಿಡಿಸಿ ತೋರಿಸುತ್ತಿದ್ದವರು ಹಾಗೆಯೇ ಗಾದಿಗೆ ಒರಗಿದರು. ಆ ದಿನದ ಬಗ್ಗೆ ನಾನು ನಿನಗೆ ಬರೆಯಬೇಕಾಗಿಲ್ಲ.

ಆಮೇಲೆ ಆ ಕಾರ್ಡು ಮೊದಲು ಬಿದ್ದದ್ದು ನಿನ್ನ ಕಣ್ಣಿಗೆ. ಕಿಟಕಿಯ ಬೆಳಕಿಗೆ ಹಿಡಿದು, "ಅಪ್ಪನ ಬೆರಳಿನ ಗೆರಿ ಕಾಣಾಕತ್ತಾವಲ್ಲೋ!" ಎಂದು ನನ್ನನ್ನು ಕರೆದು ತೋರಿಸಿದೆ. ಖರೇ ಮಾತು. ನುಣುಪು ಕಾಗದವಾದ್ದರಿಂದ ಒಂದೊಂದು ಗೆರೆಯೂ ಹೊಲದ ಸಾಲಿನ ಹಾಗೆ ಮೂಡಿತ್ತು. ಅಪ್ಪ ಎಲ್ಲ ಕಡೆ ಸಹಿ ಮಾಡುತ್ತಿದ್ದವರು, ಹೆಬ್ಬೆಟ್ಟು ಒತ್ತಿದವರಲ್ಲ. ಆಧಾರ್ ಕಾರ್ಡಿನವರ ಹತ್ತಿರ ಒಂದು ಇರಬೇಕು, ಆದರೆ ಅವರು ಅದನ್ನು ಮಕ್ಕಳಿಗೆ ತೋರಿಸುವುದಿಲ್ಲ. ಅವತ್ತೇ ನೀನು ಅಪ್ಪಣೆ ಕೊಟ್ಟೆ: ಉದುರಿ ಹೋಗುವುದರೊಳಗೆ ಇದನ್ನು ಆ ಡಬ್ಬಿಯಲ್ಲಿ ಹಾಕಿಸು, ನಂಬರು ಎಷ್ಟಾದರೂ ಬರಲಿ.

ಹಾಗೆ ನಾನು ಫೋಟೋ ತೆಗೆದು ತೆಗೆದು ಕಂಪನಿಗಳಿಗೆ ಕಳಿಸತೊಡಗಿದೆ. ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ವಿಚಾರಣೆ ಮಾಡಿದವನಲ್ಲ.

ಮೊದಲನೆಯದು ಅಮೇರಿಕದ ಹಳೆಯ ಮನೆತನ. ಕಾರ್ಡಿನ ಮೇಲ್ಮೈಯಲ್ಲಿ 'ಹೊರಗಿನ ವಸ್ತು' ಇರುವುದರಿಂದ ಸ್ವೀಕರಿಸಲಾಗದು ಎಂದು ಬಹಳ ಮರ್ಯಾದೆಯಿಂದ ಬರೆದರು. ಅಪ್ಪನನ್ನು ಹೊರಗಿನವರೆಂದು ಕರೆದವರು ಇವರೇ ಮೊದಲಿಗರು. ಎರಡನೆಯವನು ಮುಂಬೈಯ ದಲಾಲಿ. ತಮ್ಮಲ್ಲೊಬ್ಬ ಕುಶಲಕರ್ಮಿ ಇದ್ದಾನೆ, ಹತ್ತಿಯಿಂದ ಒರೆಸಿದರೆ ಅದು ಅಲ್ಲಿ ಇತ್ತೆಂಬುದೇ ಯಾರಿಗೂ ಗೊತ್ತಾಗುವುದಿಲ್ಲ ಎಂದ. ಆ ಕೆಲಸ ನಮ್ಮ ಮನೆಯಲ್ಲಿ, ಅವ್ವನ ಹಣೆಯ ಮೇಲೆ, ಜನವರಿಯಲ್ಲೇ ಆಗಿದೆ ಎಂದು ಹೇಳಿ ಫೋನು ಇಟ್ಟೆ. ಮೂರನೆಯದು ಸಣ್ಣ ಕಂಪನಿ, ಸ್ವಭಾವ ಒಳ್ಳೆಯದು. ನಂಬರು ಕೊಡುವುದಿಲ್ಲ, 'ಅಸಲಿ' ಎಂದಷ್ಟೇ ಬರೆದು, ಕುಂಕುಮ ಇದ್ದ ಹಾಗೆಯೇ ಬೆಸೆದು ಕೊಡುತ್ತೇವೆ, ಹೊಸ ಫೋಟೋ ಕಳಿಸಿ ಎಂದರು. ನೀನು ಕುಣಿದಾಡಿದೆ: "ಅದಕ್ಕ ಕಳಸು. ಲಗೂನ ಕಳಸು."

ಅವ್ವನ ಕಪಾಟಿನಲ್ಲಿಟ್ಟಿದ್ದ ಕಾರ್ಡಿನ ಹೊಸ ಫೋಟೋ ತೆಗೆದಾಗಲೇ ಗೊತ್ತಾದದ್ದು. ಫೆಬ್ರವರಿಯ ಫೋಟೋದಲ್ಲಿದ್ದ ಗೆರೆಗಳಲ್ಲಿ ಅರ್ಧ ಇರಲಿಲ್ಲ. ನಾನು ಮಳೆಗಾಲದ ತಂಪನ್ನು ಸಂಶಯಿಸಿದೆ, ಜಿರಲೆಯನ್ನು ಸಂಶಯಿಸಿದೆ. ನೀನು ನರಗುಂದದಲ್ಲಿ ಕೂತು ನನ್ನ ಮಗಳನ್ನೇ ಸಂಶಯಿಸಿದೆ: "ನಿನ್ನ ಐಶ್ವರ್ಯಾನ ಮುಟ್ಟಿರ್ತಾಳ, ಅಕಿ ಕೈ ಒಂದ ಕಡೆ ನಿಂದರೂದಿಲ್ಲ." ಆ ಆರೋಪವನ್ನು ಈ ಪತ್ರದ ಮೂಲಕ ವಜಾ ಮಾಡಲಾಗಿದೆ.

ಶ್ರಾವಣದ ಒಂದು ಮುಂಜಾನೆ ಸ್ನಾನಕ್ಕೆಂದು ಹೋದವನು, ಕರೆಂಟು ಹೋಗಿ ನೀರು ಕಾಯದೆ ತಿರುಗಿ ಬಂದೆ. ಅವ್ವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಕಪಾಟಿನ ಕನ್ನಡಿಯ ಮುಂದೆ ನಿಂತಿದ್ದಳು. ಎಡಗೈಯಲ್ಲಿ ಆ ಕಾರ್ಡು. ಬಲಗೈಯ ಉಂಗುರಬೆರಳನ್ನು ಟೊಪ್ಪಿಗೆಗೆ ಮೆಲ್ಲಗೆ ತಾಗಿಸಿದಳು. ಹಣೆಗಿಟ್ಟುಕೊಂಡಳು. ಎಳ್ಳಿನಷ್ಟು. ಕನ್ನಡಿಗೆ ಮುಖ ಹತ್ತಿರ ತಂದು ನೋಡಿಕೊಂಡಳು, ಕಂಡಿತೋ ಇಲ್ಲವೋ. ಆಮೇಲೆ ಕಾರ್ಡಿಗೆ ಹೇಳಿದಳು: "ಇವತ್ತಿಗೆ ಇಷ್ಟ ಸಾಕ್ರಿ."

ನಂತರ ಸೆರಗಿನ ಚುಂಗಿನಿಂದ ಹಣೆ ಒರೆಸಿಕೊಂಡು, ಕಾರ್ಡನ್ನು ಕಪಾಟಿನ ಸೀರೆಗಳ ಮಡಿಕೆಯಲ್ಲಿಟ್ಟು ಹೊರಗೆ ಬಂದಳು. ನಾನು ಪಡಸಾಲೆಯಲ್ಲಿ ಟವೆಲ್ಲು ಹುಡುಕುವವನ ಹಾಗೆ ನಿಂತಿದ್ದೆ. "ನೀರು ಕಾದಿಲ್ಲೇನೋ? ಒಲಿ ಮ್ಯಾಲೆ ಇಡ್ತೀನಿ ತಡಿ" ಎಂದು ಅಡುಗೆಮನೆಗೆ ಹೋದಳು.

ಅಕ್ಕಾ, ಅಪ್ಪನ ದಿನಕರ್ಮ ಮುಗಿದ ಮೇಲೆ ನೀನೇ ಅವಳಿಗೆ ಕುಂಕುಮದ ಡಬ್ಬಿ ಕೊಟ್ಟೆ. "ಹಚ್ಕೋ ಅವ್ವಾ, ಈಗೆಲ್ಲಾ ಯಾರೇನಂತಾರ" ಎಂದೆ. ಅವಳು ಡಬ್ಬಿಯನ್ನು ನಿನ್ನ ಕೈಯಲ್ಲೇ ಇಟ್ಟು, "ಬ್ಯಾಡವ್ವ" ಅಂದಳು. ಜನಕ್ಕೆ ಹೆದರಿ ಹಾಗಂದಳೆಂದು ನಾವಿಬ್ಬರೂ ತಿಳಿದಿದ್ದೆವು. ಡಬ್ಬಿಯ ಕುಂಕುಮ ಅವಳಿಗೆ ಬೇಡವಾಗಿತ್ತು, ಅಷ್ಟೇ.

ಆದರೂ ನಿನ್ನ ಮಾತಿನ ಮೇಲೆ ಒಮ್ಮೆ ಕೇಳಿ ನೋಡಿದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆ ಕಾರ್ಡನ್ನು ಕಂಪನಿಯವರ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಸಿ ಖಾಯಂ ಮುಚ್ಚಿಸಿಬಿಡೋಣವೇ ಎಂದೆ. "ಖಾಯಂ ಅಂದ್ರ?" ಎಂದಳು. ಮತ್ತೆ ಮುಟ್ಟಲು ಬರುವುದಿಲ್ಲ, ನೋಡಬಹುದು ಎಂದೆ. ಮೊರ ನಿಂತಿತು.

"ಅವರನ್ನ ಒಮ್ಮಿ ಮುಚ್ಚಿ ಬಂದೀರಲ್ಲೋ, ಹೊಲದಾಗ" ಎಂದಳು. "ಮತ್ತೊಮ್ಮಿ ಯಾಕ?"

ಮತ್ತೆ ಕಲ್ಲು ಹೆಕ್ಕತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, "ಆ ಶಿವನಪ್ಪಗ ಏನರ ನಂಬರ್ ಕೊಟ್ರೇನು?" ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ.

ಆದ್ದರಿಂದ ತೀರ್ಮಾನ ಇದು: ಕಾರ್ಡು ಎಲ್ಲಿಗೂ ಹೋಗುವುದಿಲ್ಲ. ಮೂರನೆಯ ಕಂಪನಿಗೆ ಕ್ಷಮೆ ಕೇಳಿ ಬರೆದಿದ್ದೇನೆ. ನೀನು ಉಳಿಸಿಡಬೇಕೆಂದದ್ದು ಅಪ್ಪನ ಗೆರೆಗಳನ್ನು. ಅವು ಉಳಿಯಲಿಲ್ಲ, ನಿಜ ಹೇಳಿಬಿಡುತ್ತೇನೆ. ಟೊಪ್ಪಿಗೆಯ ಮೇಲೆ ಬಣ್ಣವಿದೆ. ಫೆಬ್ರವರಿಯ ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಇದರ ಜೊತೆಗಿಟ್ಟಿದ್ದೇನೆ. ಅದರಲ್ಲಿ ಪೂರ್ತಿ ಹೆಬ್ಬೆರಳಿದೆ. ಅದು ನಿನಗೆ. ಕಾರ್ಡು ಅವ್ವನಿಗೆ. ನನಗೆ ಕೋಟು ಇದೆ, ತೂತಿನ ಸಮೇತ.

ಸಿಟ್ಟಾಗಬೇಡ. ಆಗುವುದಾದರೆ ಈ ಕಾಗದದ ಮೇಲೇ ಆಗಿ ಮುಗಿಸು. ದಸರೆಗೆ ಬಂದಾಗ ಅವ್ವನ ಮುಂದೆ ಕಾರ್ಡಿನ ಮಾತು ತೆಗೆಯಬೇಡ. ಮುಂಜಾನೆ ಅವಳು ಕೋಣೆಯಲ್ಲಿದ್ದಾಗ ಚಹಾ ತೆಗೆದುಕೊಂಡು ಒಳಗೆ ಹೋಗಬೇಡ. ಅವಳೇ ಬರುತ್ತಾಳೆ.

ನಿನ್ನ ತಮ್ಮ,
ಸಿದ್ದಲಿಂಗ

ತಾ.ಕ.: ಬಣ್ಣವಿದೆ ಎಂದೆನಲ್ಲ. ಅಪ್ಪ ಹಚ್ಚಿದ್ದು ಗಣಪತಿ ಹಬ್ಬದ ಹೊತ್ತಿಗೇ ತೀರಿತು, ಅಕ್ಕಾ. ಅವ್ವ ದೇವರ ಕಟ್ಟೆಗೆ ನೀರು ಹಾಕಲು ಹೋದಾಗ ನಾನೇ ಒಂದು ಚಿಟಿಕೆ ಹಚ್ಚಿ ಇಡುತ್ತೇನೆ. ಒಂದು ದಿನ ಮರೆತೆ; ಅವತ್ತು ಅವಳು ಊಟಕ್ಕೆ ಏಳಲಿಲ್ಲ. ಬಣ್ಣ ಸೇರಿಸಿದ ಕಾರ್ಡಿಗೆ ಯಾವ ಕಂಪನಿಯೂ ನಂಬರು ಕೊಡುವುದಿಲ್ಲ, ಹಾಗಾಗಿ ಆ ಮಾತು ಇಲ್ಲಿಗೇ ಮುಗಿಯಿತು. ಈಗ ಅಂಗಡಿಯ ಕರಡಿಗೆಯಲ್ಲಿ ಅಪ್ಪ ತಂದಿಟ್ಟಿದ್ದ ಕುಂಕುಮ ತಳ ಕಂಡಿದೆ. ಇಲ್ಲಿ ಸಿಗುವುದು ಬರೀ ಕಿತ್ತಳೆಗೆ ತಿರುಗುವಂಥದು; ಅವಳ ಕಣ್ಣು ಮಂದವೇ ಹೊರತು ಬಣ್ಣ ಗೊತ್ತಾಗದಷ್ಟಲ್ಲ. ನರಗುಂದದ ಬಜಾರದಲ್ಲಿ ದಾಳಿಂಬೆ ಸಿಪ್ಪೆಯಂಥ ಗಾಢ ಕೆಂಪಿನದು ಸಿಗುತ್ತದಲ್ಲ, ಅದನ್ನು ಬರುವಾಗ ತೆಗೆದುಕೊಂಡು ಬಾ. ಸಣ್ಣ ಪೊಟ್ಟಣ ಸಾಕು. ನನ್ನ ಕೈಗೇ ಕೊಡು.