ಬಾಯಿಗೆ ಮಾತ್ರ ಬಂದ ಜ್ವರ

ಆಸ್ಪತ್ರೆಯ ಎದುರಿನ ಬಾಡಿಗೆ ಕೋಣೆ, ಎರಡನೇ ಮಹಡಿ
ಮಾರ್ಚ್ ೧೭, ಸೋಮವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವ ಈಗಲೂ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಾರಾ? ನಾನು ಇದ್ದೇನೆ. ನೀನು ಗುಂಡ ಅಂತ ಕರೆಯುತ್ತಿದ್ದವನ ಮೈಯಲ್ಲಿ ಈಗ ಗುಂಡಗಿರುವುದು ಮಂಡಿಚಿಪ್ಪು ಮಾತ್ರ. ಫೋನ್ ಮಾಡಿದರೆ ನನ್ನ ಹೆಂಡತಿ ಪಕ್ಕದಲ್ಲೇ ಇರುತ್ತಾಳೆ. ಅವಳು ಅಂಗಡಿಗೆ ಹೋದ ಹೊತ್ತು ನೋಡಿ ಈ ಕಾಗದ ಬರೆಯುತ್ತಿದ್ದೇನೆ.

ಇಲ್ಲಿನ ಚಿಕಿತ್ಸೆ ವಿಚಿತ್ರ. ಸೋಂಕಿನ ಜೊತೆ ಹೋರಾಡುವ ಕಣಗಳನ್ನು ನನ್ನ ರಕ್ತದಿಂದ ಸೋಸಿ ತೆಗೆದರು. ಪ್ರಯೋಗಾಲಯದಲ್ಲಿ ಅವುಗಳ ಮೈಮೇಲೆ ರಿಸೆಪ್ಟರ್ ಎಂಬ ಹೊಸದೊಂದು ಕೈ ಮೂಡಿಸಿದರು. ರಕ್ತ ಕ್ಯಾನ್ಸರಿನ ಕಣ ಕಂಡರೆ ಗುರುತು ಹಿಡಿದು ಕುತ್ತಿಗೆಪಟ್ಟಿ ಹಿಡಿಯುವ ಕೈ ಅದು. ಮೂರು ವಾರ ಬೆಳೆಸಿ, ಪುಟ್ಟ ಚೀಲವೊಂದರಲ್ಲಿ ತಂದು ನನ್ನೊಳಗೆ ಬಿಟ್ಟರು. ಮಕ್ಕಳಿಲ್ಲದ ಈ ಡ್ರಿಲ್ ಮಾಸ್ತರನಿಗೆ, ನನ್ನವೇ ಮಕ್ಕಳು ತರಬೇತಿ ಮುಗಿಸಿ ಮನೆಗೆ ಬಂದಷ್ಟು ಹಿಗ್ಗಾಯಿತು. ಅವು ಕೆಲಸಕ್ಕಿಳಿದರೆ ಹೆಚ್ಚಿನವರಿಗೆ ಮೊದಲ ಎರಡು ವಾರದೊಳಗೆ ಜ್ವರ ಬರುತ್ತದಂತೆ. ನೂರು ದಾಟಿದರೆ ಕೂಡಲೇ ಫೋನ್ ಮಾಡಿ ಅಂದರು ನರ್ಸಮ್ಮ.

ಅಂದಿನಿಂದ ನಮಗೆ ಜ್ವರಕ್ಕೆ ಕಾಯುವುದೇ ಕೆಲಸ. ಇವಳು ದಿನಕ್ಕೆ ನಾಲ್ಕು ಸಲ ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ತೊಂಬತ್ತೆಂಟು. ಮತ್ತೆ ತೊಂಬತ್ತೆಂಟು. ಇದೇ ಚಿಕಿತ್ಸೆ ಪಡೆದ ಪಕ್ಕದ ಕೋಣೆಯ ದರ್ಜಿಗೆ ಐದನೇ ದಿನವೇ ನೂರಾ ಮೂರು ಬಂತು. ಆಂಬುಲೆನ್ಸ್‌ಗೆ ಹತ್ತಿಸುವಾಗ ಅವನ ಹೆಂಡತಿ ಅಳುತ್ತಿದ್ದಳು, ಇವಳು ಬಾಗಿಲಲ್ಲಿ ನಿಂತು ಹೊಟ್ಟೆಕಿಚ್ಚು ಪಡುತ್ತಿದ್ದಳು.

ಎಂಟನೇ ದಿನ ಇವಳ ಮುಖ ನೋಡಲಾಗಲಿಲ್ಲ. ಬೆಳಿಗ್ಗೆ ಇವಳು ಬಟ್ಟೆ ಒಣಹಾಕಲು ಹೋದಾಗ ಫ್ಲಾಸ್ಕಿನ ಬಿಸಿನೀರನ್ನು ಬಾಯಲ್ಲಿ ಹಿಡಿದುಕೊಂಡೆ. ಲೆಕ್ಕದ ಪರೀಕ್ಷೆಯ ದಿನ ಮಾಡುತ್ತಿದ್ದೆನಲ್ಲ, ಅದೇ ಆಟ. "ಬಾಯಿಗೆ ಮಾತ್ರ ಜ್ವರ ಬಂದಿದೆ ಕಣೋ, ಹಣೆ ತಣ್ಣಗಿದೆ. ಏಳು, ಸ್ಕೂಲಿಗೆ ನಡಿ" ಅಂತ ಅದನ್ನು ಕಂಡುಹಿಡಿದವಳು ನೀನೊಬ್ಬಳೇ. ಆಮೇಲೆ ಮೂವತ್ತು ವರ್ಷ ನಾನು ನಿನ್ನ ಆ ವಿದ್ಯೆಯಿಂದಲೇ ಶಾಲೆಯ ಮಕ್ಕಳ ಕಳ್ಳಜ್ವರ ಬಿಡಿಸಿದೆ. ಇಲ್ಲಿ ಅವತ್ತು ಥರ್ಮಾಮೀಟರ್ ತೊಂಬತ್ತೊಂಬತ್ತೂವರೆ ತೋರಿಸಿತು. "ಬಂತು ಕಣ್ರೀ, ಬಂತು!" ಅಂತ ಇವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ದಿನಾ ಸಂಜೆ ಇದೇ ಆಗಿಹೋಯಿತು. ನೂರು ದಾಟದಂತೆ ನಿಲ್ಲಿಸುವುದು ಸುಲಭವಲ್ಲ ಅಕ್ಕಾ, ಎಷ್ಟೋ ಸಲ ನಾಲಿಗೆ ಸುಟ್ಟುಕೊಂಡಿದ್ದೇನೆ.

ಶುಕ್ರವಾರ ರಕ್ತಪರೀಕ್ಷೆಯ ವರದಿ ಬಂತು. ಇವಳು ಔಷಧಿ ತರಲು ಕೆಳಗೆ ಹೋಗಿದ್ದಳು, ಡಾಕ್ಟರಮ್ಮ ನನ್ನೊಬ್ಬನಿಗೇ ಹೇಳಿದರು. ಬಿಟ್ಟ ಕಣಗಳು ಬೆಳೆದೇ ಇಲ್ಲವಂತೆ, ಹುಡುಕಿದರೂ ಸಿಗುತ್ತಿಲ್ಲವಂತೆ. ಕಾಯಿಲೆ ಮಾತ್ರ ಹಾಗೇ ಇದೆ. ಇನ್ನೊಮ್ಮೆ ಮಾಡುವಷ್ಟು ಸಮಯ ನನಗಿಲ್ಲ. ಹೆಂಡತಿಗೆ ನಾನೇ ಹೇಳುತ್ತೇನೆ ಅಂದೆ. ಮೂರು ದಿನವಾಯಿತು, ಹೇಳಿಲ್ಲ. ಬಿಸಿನೀರು ಬಾಯಲ್ಲಿ ಹಿಡಿದು ಕೂತಿದ್ದೇನೆ. ಸಾಯುವುದಕ್ಕಿಂತ ಆ ಒಂದು ಮಾತು ಆಡುವುದಕ್ಕೇ ನನಗೆ ಹೆಚ್ಚು ಭಯ.

ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಅನ್ನುವ ಜಗಳದಿಂದ ನೀನೂ ಇವಳೂ ಆರು ವರ್ಷ ಮಾತು ಬಿಟ್ಟಿದ್ದೀರಿ. ಹಾಗಾಗಿ ನಿನ್ನನ್ನು ಬಾ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಸುಮ್ಮನೆ ಯಾರಿಗಾದರೂ ಹೇಳಿಕೊಳ್ಳಬೇಕಿತ್ತು, ಹೇಳಿದೆ. ಭಾವನಿಗೆ ನಮಸ್ಕಾರ. ಮೆಟ್ಟಿಲು ಹತ್ತುವಾಗ ಹುಷಾರು.

ನಿನ್ನ ತಮ್ಮ,
ಗುಂಡ

ತಾ.ಕ.: ನಿನ್ನ ವಿಳಾಸ ನೋಡಲು ಇವಳ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದೆ. ವಿಳಾಸದ ಕೆಳಗೆ ಪೆನ್ಸಿಲಿನಲ್ಲಿ ಬೇರೆ ಅಂಕಿಗಳಿವೆ. "ಮಧ್ಯಾಹ್ನ ಮಲಗಿದ್ದಾಗ, ಕಂಕುಳಲ್ಲಿ" ಅಂತ ಬರೆದುಕೊಂಡಿದ್ದಾಳೆ. ಎಂಟನೇ ದಿನದಿಂದ ನಿನ್ನೆಯವರೆಗೆ ಒಂದು ದಿನವೂ ತಪ್ಪಿಲ್ಲ, ಒಂದು ದಿನವೂ ತೊಂಬತ್ತೆಂಟು ದಾಟಿಲ್ಲ. ನನಗೆ ಎಚ್ಚರವೇ ಆಗಿಲ್ಲ. ಇವಳಿಗೆ ನನ್ನ ಆಟ ಮೊದಲ ದಿನದಿಂದಲೂ ಗೊತ್ತು ಅಕ್ಕಾ. ಗೊತ್ತಿದ್ದೂ ದಿನಾ ಸಂಜೆ "ಬಂತು ಕಣ್ರೀ" ಅನ್ನುತ್ತಾಳೆ. ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಡುವವಳೂ ಇವಳೇ. ಜಗಳ ಗಿಗಳ ಬಿಟ್ಟು ಹೊರಟು ಬಾ. ಇವಳ ಜೊತೆ ಯಾರೂ ಇಲ್ಲ.