ಕಂದೀಲು ಹಿಡಿದವನ ನಿಯಮ

ಮಾರ್ಚ್ ೧೪, ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟನಿಗೆ ಅಕ್ಕನ ನೆನಪುಗಳು.

ಹೋದ ತಿಂಗಳು ಬರೆಯಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತರೆ ಬರೀ ಜಗಳದ ಮಾತೇ ಬರುತ್ತಿತ್ತು. ನಿನ್ನ ಮೇಲಲ್ಲ, ಪ್ರಕಾಶಕರ ಮೇಲೆ. ಈಗ ಹೇಳಬಹುದು: ಗೆದ್ದೆವು!

ಚಿಕ್ಕವರಿದ್ದಾಗ ನಾವಿಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಕಟ್ಟಿದ ಆಟದ ಹೊಸ ಆವೃತ್ತಿ ಬರುತ್ತಿದೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ, ಕಣಿವೆ ದಾಟುವ ಆ ಕಥೆಯಾಟವನ್ನು ಈಗ ಗುರುತಿಲ್ಲದ ಜನರೂ ಆಡುತ್ತಾರೆ. ನಿಯಮ ತಿದ್ದಲು ಪ್ರಕಾಶಕರು ಒಬ್ಬ ಗಣಿತದ ಮೇಷ್ಟ್ರನ್ನು ಹಿಡಿದು ತಂದರು. ಕಾಳಗದ ಭಾಗವನ್ನು ಅವರು ಎಷ್ಟು ಚೊಕ್ಕಟ ಮಾಡಿದರೆಂದರೆ ನನಗೆ ಹೊಟ್ಟೆಕಿಚ್ಚೇ ಆಯಿತು. ಆದರೆ ಅವರ ಲೆಕ್ಕದಲ್ಲಿ ಹಳೆಯ ಪಾತ್ರಗಳಿಗೆ ಜಾಗವಿರಲಿಲ್ಲ. ವರ್ಷಗಟ್ಟಲೆ ಆಡಿ ಬೆಳೆಸಿದ್ದನ್ನು ಬಿಟ್ಟು ಎಲ್ಲರೂ ಮೊದಲಿನಿಂದ ಶುರುಮಾಡಬೇಕು. ನಿನ್ನ ಪಾತ್ರ, ಆ ಅಂಬಿಗನೂ ಹೋಗುತ್ತಿದ್ದ.

"ಹಳೇದನ್ನೆಲ್ಲ ಸೊಂಟಕ್ಕೆ ಕಟ್ಕೊಂಡು ಈಜೋಕಾಗುತ್ತೇನಮ್ಮಾ?" ಎಂದರು ಮೇಷ್ಟ್ರು.

"ಜನ ನಮ್ಮ ಲೆಕ್ಕ ನೋಡಿ ಆಡೋದಲ್ಲ ಸಾರ್, ತಮ್ಮ ಪಾತ್ರ ಬದುಕಿರ್ಲಿ ಅಂತ ಆಡ್ತಾರೆ" ಎಂದೆ.

ಪ್ರಕಾಶಕರು ಇಬ್ಬರಿಗೂ ತಲೆಯಾಡಿಸಿದರು. ಅವರ ಅಭ್ಯಾಸ ನಿನಗೆ ಗೊತ್ತಲ್ಲ.

ಮಾತಿನಲ್ಲಿ ಬಗೆಹರಿಯದೆ, ಆಡಿಯೇ ನೋಡೋಣ ಎಂದು ಶುಕ್ರವಾರ ಅವರ ಕಚೇರಿಯಲ್ಲಿ ಕೂತೆವು. ಮೇಷ್ಟ್ರು, ಪ್ರಕಾಶಕರು, ಪುಸ್ತಕಕ್ಕೆ ಚಿತ್ರ ಬರೆಯುವ ಹುಡುಗಿ. ಕಥೆ ನಡೆಸಿದವಳು ನಾನು. ಹೊಸ ನಿಯಮ, ಎಲ್ಲರಿಗೂ ಹೊಸ ಪಾತ್ರ. ಸೇತುವೆಯ ನಡುವೆ ಮೇಷ್ಟ್ರ ಮೇಲೆ ಬಂಡೆ ಉರುಳಿತು. ದಾಳವೂ ಕೈಕೊಟ್ಟಿತು.

"ಸತ್ರಿ ಸಾರ್" ಎಂದೆ.

"ಹೇಗೆ ಸಾಯ್ತೀನಿ? ಆಮೆಚಿಪ್ಪಿನ ಗುರಾಣಿ ಇದೆಯಲ್ಲ ನನ್ಹತ್ರ!"

ಆ ಗುರಾಣಿ ಹೊಸ ಪುಸ್ತಕದಲ್ಲಿಲ್ಲ. ತೆಗೆದುಹಾಕಿದವರೇ ಅವರು! ಅವರು ಕಾಲೇಜಿನಲ್ಲಿದ್ದಾಗ ನಮ್ಮ ಹಳೆಯ ಆಟದಲ್ಲಿ ಗೆದ್ದದ್ದಂತೆ. ಪ್ರಾಣಕ್ಕೆ ಬಂದಾಗ ಕೈ ತಾನಾಗಿ ಅದಕ್ಕೇ ಹೋಗಿದೆ.

"ಈಜ್ತಾ ಇದ್ದೀರಲ್ಲ ಸಾರ್, ಸೊಂಟದಲ್ಲೇನದು?" ಎಂದಳು ಚಿತ್ರದ ಹುಡುಗಿ.

ಮೇಷ್ಟ್ರ ಮುಖ ಕೆಂಪಾಯಿತು. ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ. ಎದ್ದು ಹೋಗಿ, ಹಳೆಯ ಪಾತ್ರಗಳ ಬಲವನ್ನು ಹೊಸ ದಾಳಕ್ಕೆ ಹೊಂದಿಸುವ ದಾರಿಯನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದರು. ಒಂದು ಪುಟದಲ್ಲಿ ಮುಗಿಯುತ್ತದಂತೆ. ಪ್ರಕಾಶಕರು ಜೀವಮಾನದಲ್ಲಿ ಮೊದಲ ಸಲ ಒಂದೇ ಕಡೆಗೆ ತಲೆಯಾಡಿಸಿದರು.

ನಿನ್ನೆ ಶನಿವಾರ, ನಮ್ಮ ಮನೆಯ ಮೇಜಿನಲ್ಲಿ ನಿನ್ನ ಅಂಬಿಗ ಹೊಸ ಆವೃತ್ತಿಗೆ ಕಾಲಿಟ್ಟ. ಎಂದಿನಂತೆ ಕಂದೀಲು ಹಿಡಿದು ತಂಡದ ಹಿಂದೆ ಬಂದ. ಆಟಕ್ಕೆ ಬಾರದವನ ಪಾತ್ರ ಕಂದೀಲು ಹಿಡಿಯಬೇಕು, ಅದರ ಕೂದಲೂ ಕೊಂಕಬಾರದು; ನೀನೇ ಮಾಡಿದ ನಿಯಮ. ನಿನ್ನ ಭಾವ, "ಪುಣ್ಯಾತ್ಮನ ಕೈ ನೋಯಲ್ವೇನೇ?" ಎಂದು ನಕ್ಕರು.

ನಾವೆಲ್ಲ ಚೆನ್ನಾಗಿದ್ದೇವೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ತಣ್ಣಗಿರಪ್ಪ.

ನಿನ್ನ,
ಅಕ್ಕ

ಬಿಟ್ಟುಹೋದ ಮಾತು: ಆ ನಿಯಮದ ಎರಡನೆಯ ಸಾಲನ್ನು ಮೇಷ್ಟ್ರು, "ಇದೊಂದು ನಿಯಮವೇ?" ಎಂದು ಹೊಡೆದುಹಾಕಿದ್ದರು. ಕಂದೀಲು ಹಿಡಿದವನು ಮರಳಿ ಬಂದರೆ, ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಕೂಡದು. ಅದನ್ನೂ ಉಳಿಸಿಕೊಂಡೆ. ಹೇಳದೆ ಹೋಗಿ ತಿಂಗಳುಗಳ ಮೇಲೆ ಬರುತ್ತಿದ್ದ ಅಪ್ಪನಿಗಾಗಿ ನೀನು ಬರೆದದ್ದು ಅದು. ಅಪ್ಪ ಬಂದು ಸುಮ್ಮನೆ ದಾಳ ಎತ್ತಿಕೊಳ್ಳುತ್ತಿದ್ದರು, ನಾವು ಸುಮ್ಮನೆ ಸರಿದು ಕೂರುತ್ತಿದ್ದೆವು. ನಾಲ್ಕು ವರ್ಷದಿಂದ ನನ್ನ ಒಂದು ಪತ್ರಕ್ಕೂ ನೀನು ಉತ್ತರ ಬರೆದಿಲ್ಲ, ಪುಟ್ಟ. ಯಾವುದೂ ವಾಪಸು ಬಂದಿಲ್ಲ, ಹಾಗಾಗಿ ತಲುಪುತ್ತಿವೆ ಎಂದುಕೊಂಡಿದ್ದೇನೆ. ಶನಿವಾರ ಸಂಜೆ ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ. ನಾನು ಕೇಳುವುದಿಲ್ಲ.