ಹರಿಯಬ್ಬೆ ದಾರಿಯಲ್ಲಿ ದಾಟಿದ ಕಂಬಳಿ

ಹಿರಿಯೂರು, ಊರಾಚೆಯ ಹೊಲ
1903ನೇ ಇಸವಿ, ಪುಷ್ಯ ಬಹುಳ ಪಂಚಮಿ

ಕಲ್ಯಾಣದುರ್ಗದಲ್ಲಿರುವ ಪೂಜ್ಯ ಯಜಮಾನರ ಪಾದಗಳಿಗೆ ದಾಕ್ಷಾಯಣಿಯ ಶರಣು.

ತಮ್ಮ ಮೈ ಹೇಗಿದೆ? ಜ್ವರ, ತಲೆನೋವು ಏನೂ ಇಲ್ಲ ತಾನೆ? ಹೀಗೆ ಕೇಳುತ್ತಾಳಲ್ಲ ಎಂದು ನಗಬೇಡಿ. ನಾನೂ ಅತ್ತೆಯವರೂ ಆರೋಗ್ಯವಾಗಿದ್ದೇವೆ, ಆದರೆ ಮನೆಯಲ್ಲಿಲ್ಲ. ಐದು ದಿನದ ಹಿಂದೆ ಕಂಬಳಿ ಕೋಣೆಯಲ್ಲಿ ಇಲಿ ಸತ್ತು ಬಿದ್ದವು. ಮೊದಲ ದಿನ ಎರಡು, ಮರುದಿನ ಮೂಟೆಗಳ ಸಂದಿಯಲ್ಲಿ ಏಳು. ಒಲೆಯ ಮೇಲಿದ್ದ ಮುದ್ದೆಯನ್ನೂ ಇಳಿಸಗೊಡದೆ ಅತ್ತೆಯವರು ನನ್ನನ್ನು ಹೊರಡಿಸಿದರು. ಈಗ ಹೊಲದಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಕೊಂಡಿದ್ದೇವೆ. ಊರು ಅರ್ಧ ಖಾಲಿಯಾಗಿದೆ.

ಗಾಡಿ ಹೊಡೆಯುವ ಬೀರಪ್ಪ ನಿನ್ನೆ ಬಂದು ತಮ್ಮ ಕಾಗದ ಕೊಟ್ಟ. ಮೊದಲ ಗಾಡಿಯ ಮೂಟೆಗಳು ತಲುಪಿದವೆಂದು ತಿಳಿಯಿತು. ಉಳಿದ ನೂರು ಕಂಬಳಿಯನ್ನೂ ಅವನ ಕೈಲೇ ಕಳಿಸು, ಧರ್ಮಪುರದ ಆಚೆ ಪ್ಲೇಗು ಠಾಣೆಯವರು ಗಾಡಿಯನ್ನು ಹತ್ತು ದಿನ ತಡೆಯುತ್ತಾರೆ, ಹೋದ ಸಲದಂತೆ ಹರಿಯಬ್ಬೆಯ ಹೊಲಗಳ ನಡುವೆ ಮೈಸೂರು ಸೀಮೆಯ ಗಡಿ ದಾಟಿಸಲಿ, ತಡವಾದರೆ ಇಲ್ಲಿನ ಅಂಗಡಿಯ ಶೆಟ್ಟರು ಬಳ್ಳಾರಿಯವರಲ್ಲಿ ಕೊಳ್ಳುತ್ತಾರೆ ಎಂದು ಬರೆದಿದ್ದೀರಿ. ಮೊದಲ ಗಾಡಿಯೂ ಕಳ್ಳದಾರಿಯಲ್ಲೇ ಹೋಯಿತೆಂದು ನನಗೆ ಗೊತ್ತಿರಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷದಲ್ಲಿ ತಮ್ಮ ಮಾತು ಮೀರಿದವಳಲ್ಲ. ಈ ಸಲ ಮೀರಿದ್ದೇನೆ. ಅತ್ತೆಯವರನ್ನು ಕೇಳಿದೆ. "ಯಾಪಾರ ಹೋದ್ರೆ ಹೋಗ್ಲಿ ಕಣವ್ವ. ಇನ್ನೊಬ್ಬರ ಮನೆಗೆ ಬ್ಯಾನೆ ಕಳಿಸಬ್ಯಾಡ" ಅಂದರು. ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಪ್ಲೇಗು ಜವಾನನಿಗೆ ಒಪ್ಪಿಸಿ, ಇಲಿ ಬಿದ್ದ ಸಂಗತಿ ಬರೆಸಿ ಬಂದೆ. ಮೂಟೆಗಳನ್ನು ಸುಡುತ್ತಾರಂತೆ. ನೇಯ್ದವರ ಮುಖ ಹೇಗೆ ನೋಡಲಿ? ತಮಗೆ ಸಿಟ್ಟು ಬಂದರೆ ಎದುರಿಗೆ ಬಂದು ಬೈಯಿರಿ, ನಿಂತು ಕೇಳಿಸಿಕೊಳ್ಳುತ್ತೇನೆ. ಎದುರಿಗೆ ಬಂದರೆ ಸಾಕು.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಶಿವ ತಮ್ಮನ್ನು ಕಾಯಲಿ.

ತಮ್ಮ
ದಾಕ್ಷಾಯಣಿ

ಮತ್ತೆ: ಕಾಗದ ಮಡಿಸುವಷ್ಟರಲ್ಲಿ ಬೀರಪ್ಪನ ಹೆಂಡತಿ ಯಲ್ಲಕ್ಕ ಬಂದು ದೂರದಲ್ಲೇ ನಿಂತಳು. "ಅವ್ವಾರೆ, ಅವರಿಗೆ ಬೆಳಗ್ಗಿಂದ ಮೈ ಸುಡ್ತೈತೆ. ತೊಡೆ ಸಂದ್ಯಾಗೆ ಗಂಟು ಎದ್ದೈತೆ" ಅಂದಳು. ತಮ್ಮಲ್ಲಿಗೆ ಹೋಗುವಾಗ ದಾರಿಯುದ್ದಕ್ಕೂ ಇದೇ ಕೋಣೆಯಿಂದ ಹೋದ ಆ ಮೂಟೆಗಳ ಮೇಲೆಯೇ ಮಲಗಿದ್ದನಂತೆ. ಶೆಟ್ಟರ ಸೊಸೆಯ ಎಳೆಗೂಸಿಗೆ ಅದರಲ್ಲೇ ಮೆತ್ತನೆಯದೊಂದನ್ನು ಆರಿಸಿ ಕೊಟ್ಟೆನೆಂದು ಬರೆದಿದ್ದಿರಿ. ಇದನ್ನು ಓದಿದ ಕೂಡಲೇ ಎದ್ದು ಹೋಗಿ. ಮೂಟೆಗಳ ಮಾತು ಆಮೇಲೆ. ಮೊದಲು ಆ ಕೂಸಿನ ಮೈಮೇಲಿಂದ ಕಂಬಳಿ ತೆಗೆಸಿ.